ರೋಲ್ಸ್-ರಾಯ್ಸ್ 20/25: ಮೂಲ ಗೇರುಗಳನ್ನು ಮುಟ್ಟದೆ ಓವರ್‌ಡ್ರೈವ್ ಜೋಡಿಸಿದ ಬಗೆ

ಇಂಗ್ಲೆಂಡಿನಲ್ಲಿ ನಾನು ದುರಸ್ತಿ ಮಾಡಿದ ಈ ಹಳೆಯ ರೋಲ್ಸ್-ರಾಯ್ಸ್ ಕಾರಿನ ಹಿಂದಿನ ಆಕ್ಸಲ್ ಅನುಪಾತ 4.55:1 (ಚಕ್ರದ ಒಂದು ಸುತ್ತಿಗೆ ಅದನ್ನು ತಿರುಗಿಸುವ ಶಾಫ್ಟಿನ 4.55 ಸುತ್ತು) ಇದ್ದುದರಿಂದ, ನಾಲ್ಕನೇ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ವೇಗಕ್ಕೇ ಎಂಜಿನ್ ನಿಮಿಷಕ್ಕೆ ಸುಮಾರು 2,450 ಸುತ್ತು ತಿರುಗುತ್ತಿತ್ತು. ಮೋಟಾರ್‌ವೇಯಲ್ಲಿ ಓಡಿಸಿ ನೋಡಿದ ಗ್ರಾಹಕರು ಇದೇ ಕಾರಣಕ್ಕೆ ಖರೀದಿಗೆ ಹಿಂಜರಿದರು.

ಕಾರ್ಬ್ಯುರೇಟರ್ ಮತ್ತು ಇಗ್ನಿಷನ್ ಸರಿಹೊಂದಿಸಿದ್ದು ಫಲ ಕೊಡಲಿಲ್ಲ. ದೊಡ್ಡ ಟೈರಿನಿಂದ ದೊರೆತ ವ್ಯತ್ಯಾಸ ಅತ್ಯಲ್ಪ. ಆಕ್ಸಲ್ ಅನುಪಾತ ತಗ್ಗಿಸಲು ಅದರೊಳಗಿನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್ ವೀಲ್ ಮತ್ತು ಪಿನಿಯನ್ ಬದಲಿಸಿದಾಗ ಮೊದಲ ಗೇರಿನ ಎಳೆತವೂ ತಗ್ಗಿ, ಭಾರವಾದ ಕಾರು ಏರಿನಲ್ಲಿ ಹೊರಡಲು ತಿಣುಕತೊಡಗಿದ್ದರಿಂದ ಹಳೆಯ ಜೋಡಿಯನ್ನೇ ಮರಳಿ ಕೂರಿಸಿದೆ.

ಕೊನೆಗೆ ಗೇರ್‌ಬಾಕ್ಸ್ ಹಿಂದೆ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸಾಲಿನಲ್ಲಿ, 0.78 ಅನುಪಾತದ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಸುತ್ತನ್ನು ತಗ್ಗಿಸುವ ಹೆಚ್ಚುವರಿ ಗೇರು) ಜೋಡಿಸಿದೆ. ಇಲ್ಲಿ ಕ್ರಮ ಮುಖ್ಯ. ಕಾರಿನ ಪೂರ್ಣ ಭಾರ ಚಕ್ರಗಳ ಮೇಲಿರುವಾಗಲೇ ಶಾಫ್ಟಿನ ಕೋನವನ್ನು ಅಳೆದು, ಚಾಸಿಯಲ್ಲಿ ಮೊದಲೇ ಇರುವ ರಂಧ್ರಗಳಿಗೆ ಮಾತ್ರ ಬೋಲ್ಟ್ ಹಾಕಿ ಓವರ್‌ಡ್ರೈವನ್ನು ಹಿಡಿದಿಡುವ ಬ್ರಾಕೆಟ್ಟನ್ನು ಬಿಗಿಯಬೇಕು; ಆಮೇಲೆ ಹೊಸದಾಗಿ ಮಾಡಿಸಿದ ಗಿಡ್ಡ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಿ ಕೂರಿಸಬೇಕು. ಮೂಲ ಶಾಫ್ಟನ್ನು ಕತ್ತರಿಸದೆ ಕಾರಿನೊಂದಿಗೇ ಕೊಡುವುದು ಒಳ್ಳೆಯದು. ಓವರ್‌ಡ್ರೈವ್ ಚಾಲೂ ಇರುವಾಗ ರಿವರ್ಸ್ ಹಾಕಿದರೆ ಅದರೊಳಗಿನ ಏಕಮುಖ ಕ್ಲಚ್ ಮುರಿಯುತ್ತದೆ. ಆದ್ದರಿಂದ ನಾಲ್ಕನೇ ಗೇರಿನಲ್ಲಿ ಮಾತ್ರ ಓವರ್‌ಡ್ರೈವ್‌ಗೆ ವಿದ್ಯುತ್ ಹರಿಯುವಂತೆ ತಡೆ ಸ್ವಿಚ್ ಅಳವಡಿಸಲೇಬೇಕು.

ಈಗ 80 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 1,900 ಸುತ್ತಿಗೆ ಇಳಿದಿದೆ. ಅದೇ ಗ್ರಾಹಕರು ಮತ್ತೆ ಓಡಿಸಿ ನೋಡಿ ಕಾರನ್ನು ಕೊಂಡರು.