ಬಾರದವರ ಪಟ್ಟಿ: ತಾಲ್ಲೂಕು ಮಾನಸಿಕ ಆರೋಗ್ಯ ಸೇವೆಯಲ್ಲಿ ನನ್ನ ಅನುಭವ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೊಂದರಲ್ಲಿ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ಪ್ರತಿ ತಿಂಗಳು ನಾನು ತುಂಬಿ ಕಳಿಸುವ ವರದಿಯಲ್ಲಿ ಹೊಸಬರೆಷ್ಟು, ಹಳಬರೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ಕಾಯಿಲೆಯವರೆಷ್ಟು ಎಂಬ ಲೆಕ್ಕವೆಲ್ಲ ಇರುತ್ತದೆ. ಆ ದಿನ ಬರಬೇಕಾಗಿದ್ದು ಬಾರದೆ ಉಳಿದವರ ಲೆಕ್ಕ ಮಾತ್ರ ಅದರಲ್ಲಿ ಕಾಣುವುದಿಲ್ಲ. ಹೀಗಾಗಿ ಅವರಿಗೆಂದೇ ಬೇರೆ ಪುಸ್ತಕವೊಂದನ್ನು ಇಟ್ಟುಕೊಂಡೆ. ಸೇವೆ ಹೇಗೆ ನಡೆಯುತ್ತಿದೆ ಎಂದು ಯಾರಾದರೂ ಕೇಳಿದರೆ ನಾನು ವರದಿಯನ್ನು ತೆಗೆಯುವ ಮೊದಲು ಆ ಪುಸ್ತಕವನ್ನು ತೆಗೆಯುತ್ತೇನೆ.

ಸೇವೆಯನ್ನು ಜನರ ಹತ್ತಿರಕ್ಕೆ ಒಯ್ಯುವ ಪ್ರಯತ್ನದಲ್ಲಿ ನಮ್ಮ ರಾಜ್ಯಕ್ಕೆ ಹಳೆಯ ಪಾಲಿದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾದ ಬಳಿಕ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕ್ಷೇತ್ರ ಸಿಬ್ಬಂದಿಗೂ ತರಬೇತಿ ಕೊಟ್ಟು ಒಂದು ಇಡೀ ಜಿಲ್ಲೆಯಲ್ಲಿ ಚಿಕಿತ್ಸೆ ನಡೆಸಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ ಆ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2014ರಿಂದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮನೋವೈದ್ಯರು ಸಿಗುವ ವ್ಯವಸ್ಥೆಯೂ ಬಂದಿತು. ದೂರ ಕಡಿಮೆಯಾದದ್ದು ನಿಜ. ಆದರೂ ಚಿಕಿತ್ಸೆ ಆರಂಭಿಸಿದವರು ನಡುವೆ ಬಿಟ್ಟುಬಿಡುವುದು ನಿಲ್ಲಲಿಲ್ಲ. ಬಿಡುವುದಕ್ಕೆ ಮಕ್ಕಳ ಕಾರಣ ಬೇರೆ, ಹರೆಯದವರ ಕಾರಣ ಬೇರೆ, ಬಾಣಂತಿಯರ ಮತ್ತು ಮುದುಕರ ಕಾರಣ ಇನ್ನೂ ಬೇರೆ ಎಂಬುದು ನನಗೆ ತಿಳಿದದ್ದು ಆ ಪುಸ್ತಕದಿಂದಲೇ.

ಪುಸ್ತಕ ಇಡುವ ಕ್ರಮ ಸರಳವಾಗಿದೆ. ಹೊರರೋಗಿ ವಿಭಾಗದಲ್ಲಿ ಪ್ರತಿಯೊಬ್ಬರಿಗೂ ಮುಂದಿನ ತಾರೀಖು ಬರೆದುಕೊಡುವಾಗ ಅದನ್ನೇ ನನ್ನ ಪುಸ್ತಕದ ಆ ತಾರೀಖಿನ ಪುಟದಲ್ಲಿಯೂ ಬರೆಯುತ್ತೇನೆ. ಹೆಸರಿನ ಪಕ್ಕದಲ್ಲಿ ಫೋನ್ ಸಂಖ್ಯೆ, ಆ ಫೋನ್ ಯಾರ ಕೈಯಲ್ಲಿರುತ್ತದೆ, ಆ ಊರಿನ ಆಶಾ ಕಾರ್ಯಕರ್ತೆ ಯಾರು, ಅವರಿಗೆ ಈ ವಿಷಯ ತಿಳಿಸಲು ರೋಗಿಯ ಒಪ್ಪಿಗೆ ಇದೆಯೇ ಎಂಬಿಷ್ಟು ಇರುತ್ತದೆ. ಸಂಜೆ ಬಂದವರ ಹೆಸರಿಗೆ ಗುರುತು ಹಾಕುತ್ತಾ ಹೋದರೆ ಉಳಿದವರು ತಾವಾಗಿಯೇ ಕಾಣುತ್ತಾರೆ. ಎಲ್ಲರ ಬೆನ್ನು ಹತ್ತಲು ನಮ್ಮ ಬಳಿ ಅಷ್ಟು ಜನರಿಲ್ಲದ ಕಾರಣ ಕೆಲವು ಹೆಸರುಗಳಿಗೆ ಕೆಂಪು ಶಾಯಿಯ ಗುರುತು ಇಡುತ್ತೇನೆ: ಆತ್ಮಹತ್ಯೆಗೆ ಯತ್ನಿಸಿದವರು, ಗರ್ಭಿಣಿಯರು ಮತ್ತು ಬಾಣಂತಿಯರು, ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚುಚ್ಚುಮದ್ದು ಪಡೆಯುವವರು, ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರು, ಮೂರ್ಛೆರೋಗದ ಮಾತ್ರೆಯಲ್ಲಿರುವವರು. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬರುವ ಅಪಾಯವಿರುವುದರಿಂದ ಅಂಥವರಿಗೆ ಮರುದಿನವೇ ಫೋನ್ ಹೋಗುತ್ತದೆ.

ಫೋನ್ ಮಾಡುವುದಕ್ಕೂ ಒಂದು ರೀತಿ ಇದೆ. ಎತ್ತಿದವರು ಯಾರೆಂದು ತಿಳಿಯುವ ತನಕ “ಆಸ್ಪತ್ರೆಯಿಂದ ಮಾತನಾಡುತ್ತಿದ್ದೇನೆ” ಎಂಬುದಕ್ಕಿಂತ ಹೆಚ್ಚಿಗೆ ಒಂದು ಮಾತೂ ಆಡಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ಒಂದು ಅಜಾಗರೂಕ ಕರೆಯಿಂದ ನಿಶ್ಚಯವಾದ ಮದುವೆ ಮುರಿದುಬೀಳಬಹುದೆಂಬುದು ಈ ಕೆಲಸ ಮಾಡುವ ಯಾರಿಗೂ ಗೊತ್ತಿರುವ ಸಂಗತಿ. ಖಿನ್ನತೆಗೆ ಹೊಸದಾಗಿ ಮಾತ್ರೆ ಆರಂಭಿಸಿದವರಿಗಂತೂ ನಾನು ತಾರೀಖು ತಪ್ಪುವವರೆಗೆ ಕಾಯುವುದಿಲ್ಲ, ಮೊದಲ ವಾರದಲ್ಲಿಯೇ ಮಾತನಾಡಿಸುತ್ತೇನೆ. ಆ ಮಾತ್ರೆಗಳಿಂದ ಹೊಟ್ಟೆ ತೊಳಸುವುದು, ತಲೆ ಭಾರವಾಗುವುದು ಮೊದಲ ದಿನಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ; ಮನಸ್ಸು ಹಗುರಾಗುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ತೊಂದರೆ ಮೊದಲು ಬಂದು ಗುಣ ತಡವಾಗಿ ಬರುವ ಔಷಧವನ್ನು ಯಾರೇ ಆದರೂ ನಂಬುವುದು ಕಷ್ಟ. ವೈದ್ಯರು ಅದನ್ನು ಹೇಳಿಯೇ ಕಳಿಸಿರುತ್ತಾರೆ, ಆದರೆ ಸಾಲಿನಲ್ಲಿ ನಿಂತು ದಣಿದವರ ಕಿವಿಗೆ ಆ ಮಾತು ಎಷ್ಟು ಬಿದ್ದಿರುತ್ತದೆಯೋ ಹೇಳಲಾಗದು.

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಓಡಾಡಿಸಿದವರು ಸ್ಕಿಜೋಫ್ರೀನಿಯಾದಂಥ, ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಸಂಶಯ ಮೂಡುವ ತೀವ್ರ ಕಾಯಿಲೆಯ ವಯಸ್ಕರು. “ಕಾಯಿಲೆಯ ಅರಿವಿಲ್ಲ, ಅದಕ್ಕೇ ಮಾತ್ರೆ ಬಿಟ್ಟಿದ್ದಾರೆ” ಎಂದು ಇವರ ಬಗ್ಗೆ ಬರೆದುಬಿಡುವುದು ನಮ್ಮ ವೃತ್ತಿಯಲ್ಲಿ ತೀರ ಸುಲಭ. ಮನೆಗೆ ಹೋಗಿ ಕೇಳಿದರೆ ಕಾರಣ ಬೇರೆಯದೇ ಇರುತ್ತದೆ. ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಮಾತ್ರೆ ಆರಂಭಿಸಿದ ಕೆಲವೇ ದಿನಗಳಲ್ಲಿ ಬರುವುದನ್ನು ನಿಲ್ಲಿಸಿದ. ಮನೆಗೆ ಹೋದಾಗ ಆತ ಅಂಗಳದ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ. ಕೂರಿಸಿದರೆ ಕಾಲು ಬದಲಿಸುತ್ತಿದ್ದ, ಅರೆಕ್ಷಣದಲ್ಲಿ ಮತ್ತೆ ಎದ್ದು ನಿಲ್ಲುತ್ತಿದ್ದ. “ಮಾತ್ರೆ ಕೊಟ್ಟ ಮೇಲೆ ಹುಚ್ಚು ಇನ್ನೂ ಜಾಸ್ತಿ ಆಯ್ತು ಮೇಡಂ, ಅದಕ್ಕೇ ನಿಲ್ಲಿಸಿಬಿಟ್ಟೆ” ಎಂದು ತಾಯಿ ಹೇಳಿದರು. ನಾನು ಅವನ ಜೊತೆಗೆ ನಡೆಯುತ್ತಲೇ ಕೇಳಿದೆ: “ನಡೆ ಅಂತ ನಿನಗೆ ಯಾರಾದರೂ ಹೇಳ್ತಾರೇನಪ್ಪ?” ಅವನು ತಲೆ ಅಲ್ಲಾಡಿಸಿದ. “ಯಾರೂ ಹೇಳಲ್ಲ. ಕಾಲು ಸುಮ್ಮನಿರಲ್ಲ ಅಕ್ಕ, ಒಳಗೆಲ್ಲ ತಳಮಳ.” ಆ ಉತ್ತರ ಬಹಳ ಮುಖ್ಯವಾದದ್ದು: ಕಿವಿಯಲ್ಲಿ ಕೇಳುವ ಧ್ವನಿಯ ಮಾತಿಗೆ ಅವನು ನಡೆಯುತ್ತಿರಲಿಲ್ಲ. ಅದು ಕಾಯಿಲೆ ಉಲ್ಬಣಿಸಿದ್ದರ ಲಕ್ಷಣವಾಗಿರಲಿಲ್ಲ. ಅಕಥೀಸಿಯಾ ಎಂಬ, ಔಷಧದಿಂದಲೇ ಉಂಟಾಗುವ ಚಡಪಡಿಕೆಯಾಗಿತ್ತು. ಇದನ್ನು ಕಾಯಿಲೆಯೆಂದೇ ತಿಳಿದು ಅದೇ ಔಷಧದ ಪ್ರಮಾಣವನ್ನು ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಅಲ್ಲಿಂದಲೇ ಮನೋವೈದ್ಯರಿಗೆ ಫೋನ್ ಮಾಡಿದೆ. ಅವರು ತಾಯಿಯೊಂದಿಗೂ ಮಗನೊಂದಿಗೂ ಮಾತನಾಡಿ, ಮರುದಿನ ಇಬ್ಬರೂ ಆಸ್ಪತ್ರೆಗೆ ಬಂದಾಗ ಔಷಧವನ್ನೇ ಬದಲಿಸಿದರು.

ಇದೇ ಜಾತಿಯ ಇನ್ನೊಂದು ತೊಂದರೆ ಮೈ ಬಿಗಿಯುವುದು. ಕೈ ಬೀಸದೆ ನಡೆಯುವುದು, ಲೋಟ ಹಿಡಿದಾಗ ಬೆರಳು ನಡುಗಿ ನೀರು ತುಳುಕುವುದು, ತುಟಿಯಂಚಿನಲ್ಲಿ ಜೊಲ್ಲು ಕಾಣಿಸುವುದು, ಮುಖದಲ್ಲಿ ಚಲನೆ ಇಲ್ಲವಾಗುವುದು ಇವೆಲ್ಲ ಇದೇ ಕಾಯಿಲೆಗೆ ಕೊಡುವ ಹಲೊಪೆರಿಡಾಲ್, ರಿಸ್ಪೆರಿಡೋನ್ ಮೊದಲಾದ ಔಷಧಗಳಿಂದ ಆಗಬಲ್ಲವು. ಪ್ರಮಾಣ ತಗ್ಗಿಸಿದರೆ ಅಥವಾ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಸೇರಿಸಿದರೆ ಬಹುಮಟ್ಟಿಗೆ ಇಳಿಯುತ್ತವೆ. ಕೂಲಿ ಮಾಡುವವನಿಗೆ ಕೈ ನಡುಕವೆಂದರೆ ಕೆಲಸ ಹೋದಂತೆ. ಆದ್ದರಿಂದ ಪ್ರತಿ ಭೇಟಿಯಲ್ಲಿಯೂ “ಹೇಗಿದ್ದೀರಿ” ಎಂದು ಕೇಳುವುದಕ್ಕೆ ಬದಲಾಗಿ ಎರಡು ಕೈ ಚಾಚಲು ಹೇಳುತ್ತೇನೆ, ಬಾಗಿಲ ತನಕ ನಡೆದು ತೋರಿಸಲು ಹೇಳುತ್ತೇನೆ. ಉಳಿದ ಮಾತ್ರೆಗಳನ್ನು ಅವು ಬರುವ ಹಾಳೆ (ಸ್ಟ್ರಿಪ್) ಸಮೇತ ತರಲು ಹೇಳಿ ಎಣಿಸುವುದೂ ಇದೆ, ಆದರೆ ಅದನ್ನು ತಪಾಸಣೆಯ ಧಾಟಿಯಲ್ಲಿ ಮಾಡಿದರೆ ಜನ ಮುಂದಿನ ಸಲ ಖಾಲಿ ಹಾಳೆಯನ್ನಷ್ಟೇ ತರುತ್ತಾರೆ.

ಮರೆಯದೆ ಬರುವವರೆಲ್ಲರೂ ಚೆನ್ನಾಗಿದ್ದಾರೆಂದು ತಿಳಿಯಬೇಕಾಗಿಲ್ಲ. ನಿದ್ದೆ ಮಾತ್ರೆಗಾಗಿಯೇ ಬರುವವರು ಒಂದು ದಿನವೂ ತಪ್ಪಿಸುವುದಿಲ್ಲ. ಅವರ ಬಗ್ಗೆ ಬೇರೆಯದೇ ಪುಸ್ತಕ ಬೇಕಾದೀತು.

ಬಾಣಂತಿಯರ ವಿಷಯದಲ್ಲಿ ನಾನು ಫೋನಿಗಿಂತ, ಮಗುವಿನ ಲಸಿಕೆಯ ತಾರೀಖುಗಳಿರುವ ತಾಯಿ ಕಾರ್ಡನ್ನು ನಂಬುತ್ತೇನೆ. ಹೆರಿಗೆಯಾದ ಮೊದಲ ವಾರದಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಅನೇಕರಲ್ಲಿ ಉಂಟು, ಅದು ತಾನಾಗಿಯೇ ಹೋಗುತ್ತದೆ. ಎರಡು ವಾರ ಮೀರಿಯೂ ಉಳಿಯುವ ಬೇಸರ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿರುವುದು, ಮಗು ಮಲಗಿದಾಗಲೂ ತನಗೆ ನಿದ್ದೆ ಬಾರದಿರುವುದು ಚಿಕಿತ್ಸೆ ಬೇಕಾದ ಖಿನ್ನತೆ. ಥಟ್ಟನೆ ಅಸಂಬದ್ಧ ಮಾತು, ವಿಪರೀತ ಸಂಶಯ, ಗೊಂದಲ ಕಾಣಿಸಿಕೊಂಡರೆ ಅದು ಅದೇ ದಿನ ಆಸ್ಪತ್ರೆಗೆ ಬರಬೇಕಾದ ತುರ್ತು ಸ್ಥಿತಿ. ತೊಂದರೆಯೆಂದರೆ, ಇವರು ಚಿಕಿತ್ಸೆಯ ನಡುವೆಯೇ ತವರಿನಿಂದ ಗಂಡನ ಮನೆಗೆ ಹೋಗುತ್ತಾರೆ, ತಾಲ್ಲೂಕು ಬದಲಾಗುತ್ತದೆ, ಕಾಯಿಲೆಯ ವಿಷಯ ಅತ್ತೆಗೆ ತಿಳಿಯಬಾರದೆಂದು ಮಾತ್ರೆ ತವರಿನಲ್ಲಿಯೇ ಉಳಿಯುತ್ತದೆ. ಚುಚ್ಚುಮದ್ದು ಹಾಕಿಸಲು ಮಗುವನ್ನು ಕರೆತರುವುದು ಮಾತ್ರ ತಪ್ಪುವುದಿಲ್ಲ. ಹೀಗಾಗಿ ಮಗುವಿನ ಲಸಿಕೆಯ ತಾರೀಖಿಗೆ ತಾಯಿಯ ತಾರೀಖನ್ನು ಹೊಂದಿಸತೊಡಗಿದೆವು. ಒಂದೇ ಪ್ರಯಾಣ, ಯಾರೂ ಪ್ರಶ್ನಿಸದ ನೆಪ. ಹೆರುವ ವಯಸ್ಸಿನ ಹೆಂಗಸರು ಮೂರ್ಛೆಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಅವರ ಹೆಸರಿಗೂ ಕೆಂಪು ಗುರುತು ಬೀಳುತ್ತದೆ, ಏಕೆಂದರೆ ಆ ಔಷಧದಿಂದ ಗರ್ಭದಲ್ಲಿರುವ ಶಿಶುವಿಗೆ ಅಂಗದೋಷ ಉಂಟಾಗುವ ಅಪಾಯವಿದೆ. ಗರ್ಭದ ಯೋಚನೆಗೆ ಮೊದಲೇ ವೈದ್ಯರೊಂದಿಗೆ ಆ ಮಾತು ಆಗಿರಬೇಕು.

ಹರೆಯದವರು ಬಾರದಿರುವುದಕ್ಕೆ ಕಾರಣವನ್ನು ಹೆಚ್ಚು ಹುಡುಕಬೇಕಾಗಿಲ್ಲ: ಅವರಿಗೆ ಪರಿಚಯದವರ ಕಣ್ಣಿಗೆ ಬೀಳುವುದು ಬೇಡ. ಮಂಗಳವಾರದ ಸಾಲಿನಲ್ಲಿ ನಿಂತರೆ ಊರಿಗೆಲ್ಲ ತಿಳಿಯುತ್ತದೆ. ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ಗೆ ಅವರು ಮುಟ್ಟಿನ ತೊಂದರೆ, ರಕ್ತಹೀನತೆ, ಮೊಡವೆ ಎಂದೆಲ್ಲ ಬರುತ್ತಾರೆ. ಅಲ್ಲಿನ ಆಪ್ತಸಮಾಲೋಚಕರೊಂದಿಗೆ ಮಾತು ಮಾಡಿಕೊಂಡು ಅದೇ ಕೊಠಡಿಯಲ್ಲಿ ಇವರನ್ನು ನೋಡತೊಡಗಿದ ಮೇಲೆ ಪಟ್ಟಿಯಲ್ಲಿ ಈ ವಯಸ್ಸಿನವರ ಹೆಸರು ಕಡಿಮೆಯಾಯಿತು. ಮಗುವಿನ ಪರವಾಗಿ ನಿರ್ಧರಿಸುವವರು ಪೋಷಕರೇ ಆದರೂ, ಮೊದಲ ಹತ್ತು ನಿಮಿಷ ಮಗುವಿನೊಂದಿಗೆ ಒಬ್ಬಳೇ ಮಾತನಾಡುತ್ತೇನೆಂದು ಮೊದಲೇ ಹೇಳಿಬಿಡುತ್ತೇನೆ, ಯಾವ ಮಾತನ್ನು ಮುಚ್ಚಿಡಲಾಗದು ಎಂಬುದನ್ನೂ ಮಗುವಿಗೆ ಹೇಳುತ್ತೇನೆ. ಜೀವಕ್ಕೆ ಅಪಾಯವಿದ್ದರೆ ಅದು ನನ್ನಲ್ಲಿಯೇ ಉಳಿಯುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ಮಾತು ತಡವಾದವರು, ಆಟಿಸಂ ಇರುವವರು, ಬೌದ್ಧಿಕ ಬೆಳವಣಿಗೆ ಕುಂಠಿತವಾದವರು ಶಾಲೆ, ಅಂಗನವಾಡಿಗಳ ತಪಾಸಣೆಯ ಮೂಲಕ ಬರುತ್ತಾರೆ. ತಂದೆತಾಯಿಗಳು ಮಾತು ಬರಿಸುವ ಟಾನಿಕ್ ಕೇಳುತ್ತಾರೆ. ಅಂಥದ್ದಿಲ್ಲ ಎಂದ ಮೇಲೆ ಎರಡನೆಯ ಸಲ ಬರಲು ಅವರಿಗೇನು ಕಾರಣ ಉಳಿಯಿತು? ಆದ್ದರಿಂದ ಬರಿಗೈಯಲ್ಲಿ ಕಳಿಸುವುದಿಲ್ಲ. ಸ್ನಾನ ಮಾಡಿಸುವಾಗ ಒಂದೊಂದು ಅಂಗದ ಹೆಸರು ಹೇಳಿ ಮಗು ಮುಟ್ಟಿ ತೋರಿಸುವ ತನಕ ಕಾಯುವುದು, ಬೇಕಾದದ್ದನ್ನು ಕೈಗೆ ಕೊಡುವ ಮೊದಲು ಬೊಟ್ಟು ಮಾಡಿ ತೋರಿಸುವಂತೆ ಮಾಡುವುದು, ಹೀಗೆ ಒಂದೇ ಒಂದು ಕೆಲಸ ಕೊಟ್ಟು ಮುಂದಿನ ಸಲ ಅದನ್ನೇ ಕೇಳುತ್ತೇನೆ. ಅಂಗವಿಕಲರ ಗುರುತಿನ ಚೀಟಿಯ ಕೆಲಸವನ್ನೂ ಅದರ ಜೊತೆಗೇ ಆರಂಭಿಸುತ್ತೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಬೌದ್ಧಿಕ ವೈಕಲ್ಯ, ಆಟಿಸಂ, ಮಾನಸಿಕ ಅಸ್ವಸ್ಥತೆ ಮೂರೂ ವೈಕಲ್ಯಗಳ ಪಟ್ಟಿಯಲ್ಲಿವೆ, ಮತ್ತು ಹೆಚ್ಚಿನ ಸೌಲಭ್ಯಗಳಿಗೆ ಶೇಕಡ 40ರ ಪ್ರಮಾಣಪತ್ರ ಬೇಕಾಗುತ್ತದೆ.

ಮುದುಕರು ತಾವಾಗಿ ಬಿಡುವುದಿಲ್ಲ, ಅವರನ್ನು ಕರೆತರುವವರು ಬಿಡುತ್ತಾರೆ. ಅವರೊಂದಿಗೆ ಒಬ್ಬರು ಬರಬೇಕೆಂದರೆ ಮನೆಯಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. “ವಯಸ್ಸಾಯಿತಲ್ಲ, ಅರಳುಮರಳು” ಎಂಬ ಮಾತಿನ ಹಿಂದೆ ಗುಣವಾಗುವ ಕಾರಣಗಳು ಎಷ್ಟೋ ಸಲ ಅಡಗಿರುತ್ತವೆ: ಥೈರಾಯ್ಡ್ ಕೊರತೆ, ಬಿ12 ಕೊರತೆ, ಕಿವುಡು, ಮರೆವಿನ ವೇಷದ ಖಿನ್ನತೆ. ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಇಂದು ಸಂಜೆ ಮಗನನ್ನೇ ಗುರುತಿಸುತ್ತಿಲ್ಲ ಎಂದರೆ ಮೂತ್ರದ ಸೋಂಕನ್ನೋ ಹೊಸದಾಗಿ ಕೊಟ್ಟ ಮಾತ್ರೆಯನ್ನೋ ಮೊದಲು ನೋಡಬೇಕು. ನಿಜವಾಗಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರ ವಿಷಯದಲ್ಲಿ, ವೈದ್ಯರು ಒಮ್ಮೆ ಕಣ್ಣಾರೆ ನೋಡಿದ ಬಳಿಕ, ಎಲ್ಲ ಸಲವೂ ರೋಗಿಯನ್ನೇ ಹೊತ್ತು ತರಬೇಕೆಂದು ಒತ್ತಾಯಿಸದೆ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ರಕ್ತದೊತ್ತಡ, ತೂಕ, ಊಟ, ನಿದ್ದೆಯ ವಿವರ ತರಿಸಿಕೊಳ್ಳುತ್ತೇವೆ. ಆರೈಕೆ ಮಾಡುವ ಸೊಸೆಯೋ ಮಗಳೋ ಬಂದಾಗ ಅವರ ನಿದ್ದೆಯ ಬಗ್ಗೆಯೂ ಕೇಳುತ್ತೇನೆ. ಕೆಲವೊಮ್ಮೆ ಹೊಸ ಚೀಟಿ ಅವರ ಹೆಸರಿನಲ್ಲಿಯೇ ಮಾಡಿಸಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆಯೂ ಔಷಧ ಇಲ್ಲದಿದ್ದರೆ ಕರೆದು ಪ್ರಯೋಜನವಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವವು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು. ಬೇಡಿಕೆಪಟ್ಟಿ ಬರೆಯುವಾಗ ನನ್ನ ಪುಸ್ತಕ ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಬಂದವರ ಸಂಖ್ಯೆಗೆ ಮಾತ್ರ ಔಷಧ ತರಿಸಿದರೆ, ಬಿಟ್ಟವರು ಮರಳಿ ಬಂದ ತಿಂಗಳಲ್ಲಿ ದಾಸ್ತಾನು ಮುಗಿಯುತ್ತದೆ, ಆಗ ಮರಳಿ ಬಂದವರೇ ಮತ್ತೆ ಬರಿಗೈಯಲ್ಲಿ ಹೋಗುತ್ತಾರೆ. ಬಾರದವರನ್ನೂ ಸೇರಿಸಿಯೇ ಬೇಡಿಕೆ ಕಳಿಸುತ್ತೇನೆ. ಉಗ್ರಾಣದವರೊಂದಿಗೆ ಈ ಬಗ್ಗೆ ವಾದ ಮುಗಿದಿಲ್ಲ.

ಆತ್ಮಹತ್ಯೆಗೆ ಯತ್ನಿಸಿ ಉಳಿದವರ ಹೆಸರು ತುರ್ತು ಚಿಕಿತ್ಸಾ ವಿಭಾಗದಿಂದ ನನಗೆ ಅದೇ ದಿನ ಬರಬೇಕೆಂದು ಶುಶ್ರೂಷಕಿಯರೊಂದಿಗೆ ಒಪ್ಪಂದ ಮಾಡಿಕೊಂಡಿದ್ದೇನೆ. ಹೊಟ್ಟೆ ತೊಳೆದು ಪ್ರಾಣ ಉಳಿಸಿದ ಮೇಲೆ ಪೊಲೀಸರ ಭಯಕ್ಕೆ ಮನೆಯವರು ಹೇಳದೆ ಕರೆದೊಯ್ಯುವುದುಂಟು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು ಹೀಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ ಎಂಬುದನ್ನು ಹಾಸಿಗೆಯ ಬಳಿಯೇ ಹೇಳುತ್ತೇನೆ. ಮನೆಯಲ್ಲಿರುವ ಕೀಟನಾಶಕವನ್ನು ಎಲ್ಲಿ, ಯಾರ ವಶದಲ್ಲಿ ಬೀಗ ಹಾಕಿಡುತ್ತೀರಿ ಎಂದು ಹೆಸರು ಹಿಡಿದು ಕೇಳುತ್ತೇನೆ. ಮೊದಲ ಕೆಲವು ವಾರ ನಾನೇ ಫೋನ್ ಮಾಡುತ್ತೇನೆ. ರಾತ್ರಿ ಹೊತ್ತಿಗೆಂದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ನಾನೇ ಉಳಿಸಿಕೊಡುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಆ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಪುಸ್ತಕದಲ್ಲಿ ಇನ್ನೂ ದಾರಿ ಕಾಣದೆ ಉಳಿದ ಹೆಸರುಗಳು ದುಡಿಯಲು ಊರು ಬಿಟ್ಟು ಹೋಗುವವರವು. ಸುಗ್ಗಿ ಮುಗಿದೊಡನೆ ಕುಟುಂಬ ಸಮೇತ ಹೋಗುತ್ತಾರೆ, ಫೋನ್ ಸಂಖ್ಯೆ ಬದಲಾಗುತ್ತದೆ, ಅಲ್ಲಿನ ಆಸ್ಪತ್ರೆಯಲ್ಲಿ ಮೊದಲಿನಿಂದ ಕಥೆ ಹೇಳಬೇಕಾಗುತ್ತದೆ. ಹೋಗುವ ಸುಳಿವು ಸಿಕ್ಕವರಿಗೆ ರೋಗನಿರ್ಣಯ, ಔಷಧ, ಪ್ರಮಾಣ, ಯಾವ ಔಷಧ ಒಗ್ಗಲಿಲ್ಲ ಎಂಬ ವಿವರಗಳಿರುವ ಒಂದು ಪುಟದ ಪತ್ರವನ್ನು ವೈದ್ಯರ ಸಹಿ ಮಾಡಿಸಿ ಕೊಡುತ್ತೇವೆ, ಅದರ ಚಿತ್ರವನ್ನು ಅವರ ಫೋನಿಗೂ ಹಾಕುತ್ತೇವೆ. ಸುಳಿವು ಕೊಡದೆ ಹೋದವರ ಹೆಸರನ್ನು ಹೊಡೆದುಹಾಕದೆ ಮುಂದಿನ ತಿಂಗಳ ಪುಟಕ್ಕೆ ಬರೆದುಕೊಳ್ಳುತ್ತೇನೆ.