ತೂಕ ಇಳಿಯಲಿಲ್ಲ, ಮುಟ್ಟು ಸಾಲಿಗೆ ಬಂತು: ಪಿಸಿಓಎಸ್ ಜೊತೆ ನನ್ನ ಅನುಭವ

ನನಗೆ ಪಿಸಿಓಎಸ್ ಇದೆ, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಣು ಸಕಾಲಕ್ಕೆ ಬಿಡುಗಡೆಯಾಗದೆ ಮುಟ್ಟು ತಪ್ಪುವ ತೊಂದರೆ. ತೂಕ ಇಳಿಯದೆ ಮುಟ್ಟು ಸರಿಹೋಗದು ಎಂದವರೇ ಹೆಚ್ಚು. ಇಳಿದದ್ದು ಎರಡೋ ಮೂರೋ ಕಿಲೋ, ಅಷ್ಟೇ. ಆದರೆ ಸೊಂಟದ ಸುತ್ತಳತೆ ಸುಮಾರು ಐದು ಸೆಂಟಿಮೀಟರ್ ತಗ್ಗಿತು, ಎರಡು-ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಮುಟ್ಟು 33-35 ದಿನಕ್ಕೆ ಬಂದು ನಿಂತಿದೆ. ಇದನ್ನು ಪತ್ತೆಹಚ್ಚಲು ವೈದ್ಯರು ಬಳಸುವ ರಾಟರ್‌ಡ್ಯಾಮ್ ಮಾನದಂಡ, ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದೆ ಅದರ ಮಟ್ಟ ಏರಿ ಅಂಡಾಣು ಬಿಡುಗಡೆಗೂ ಅಡ್ಡಿಯಾಗುವ ಇನ್ಸುಲಿನ್ ಪ್ರತಿರೋಧ, ಇವುಗಳ ವಿವರಕ್ಕೆ ಹೋಗುವುದಿಲ್ಲ.

ಮೊದಲು ದುಡ್ಡು ಪೋಲಾದ ಲೆಕ್ಕ. ಪಿಸಿಓಎಸ್ ಎಂದು ಖಚಿತವಾದ ಮೇಲೂ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ ಪ್ರಯೋಜನವಿಲ್ಲ. ಅಂಡಾಶಯದಲ್ಲಿ ಸಣ್ಣ ಕೋಶಗಳ ಸಾಲು ಹಾಗೇ ಕಾಣಿಸುತ್ತಿರುತ್ತದೆ, ಮುಟ್ಟು ಮಾತ್ರ ಸುಧಾರಿಸಿರುತ್ತದೆ. ಅಂಡಾಣು ಬಿಡುಗಡೆಗೆ ಮುಂಚೆ ಏರುವ ಎಲ್ಎಚ್ ಹಾರ್ಮೋನನ್ನು ಮೂತ್ರದಲ್ಲಿ ಹಿಡಿಯುವ ಎಲ್ಎಚ್ ಸ್ಟ್ರಿಪ್‌ಗಳೂ ಅಷ್ಟೇ. ನಮ್ಮಲ್ಲಿ ಅನೇಕರಿಗೆ ಎಲ್ಎಚ್ ಮಟ್ಟ ಸದಾ ಮೇಲೇ ಇರುವುದರಿಂದ ದಿನಗಟ್ಟಲೆ ಪಾಸಿಟಿವ್ ಗೆರೆ ಬರುತ್ತದೆ, ಅಂಡಾಣು ಬಿಡುಗಡೆಯಾಗಿರುವುದಿಲ್ಲ. ಕೂದಲು ಉದುರುತ್ತದೆಂದು ಬಯೋಟಿನ್ ಎನ್ನುವ ವಿಟಮಿನ್ ನುಂಗುತ್ತ ಹಾರ್ಮೋನ್ ಪರೀಕ್ಷೆಗೆ ಹೋಗುವುದಂತೂ ದಂಡ. ಹಲವು ಲ್ಯಾಬ್ ವಿಧಾನಗಳಲ್ಲಿ ಅದು ಫಲಿತಾಂಶವನ್ನೇ ಕೆಡಿಸುತ್ತದೆ, ಒಂದೆರಡು ದಿನ ಮೊದಲೇ ನಿಲ್ಲಿಸಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಪಿಸಿಓಎಸ್‌ನಲ್ಲಿ ಏರುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಅಳೆಸಿದರೂ ಇದೇ ಕಥೆ, ಮಾತ್ರೆ ಅದನ್ನು ಇಳಿಸಿಯೇ ಇರುತ್ತದೆ.

ಅತಿ ಹೆಚ್ಚು ಮೋಸ ಹೋಗುವುದು ‘21ನೇ ದಿನದ ಪ್ರೊಜೆಸ್ಟೆರಾನ್’ ವಿಷಯದಲ್ಲಿ. ಪ್ರೊಜೆಸ್ಟೆರಾನ್ ಅಂದರೆ ಅಂಡಾಣು ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್. ಮುಟ್ಟಿನ ಮೊದಲ ದಿನದಿಂದ ಎಣಿಸುವ ಆ 21, 28 ದಿನದ ಚಕ್ರದ ಲೆಕ್ಕ. 40 ದಿನದ ಚಕ್ರದಲ್ಲಿ ಅಂಡಾಣು ಬಿಡುಗಡೆಯಾಗುವುದೇ 26ನೇ ದಿನದ ಆಸುಪಾಸು. 21ಕ್ಕೆ ರಕ್ತ ಕೊಟ್ಟರೆ ‘ಓವ್ಯುಲೇಶನ್ (ಅಂಡಾಣು ಬಿಡುಗಡೆ) ಇಲ್ಲ’ ಎನ್ನುವ ರಿಪೋರ್ಟ್ ಬಂದೇ ಬರುತ್ತದೆ. ನಾನು ಕಂಡುಕೊಂಡ ದಾರಿ ಹೀಗಿದೆ. ಎರಡು ದಶಮಾಂಶ ತೋರಿಸುವ ಥರ್ಮಾಮೀಟರ್ ದಿಂಬಿನ ಪಕ್ಕ ಇರಬೇಕು. ಏಳುವ ಮೊದಲೇ, ಮಾತಾಡುವ ಮೊದಲೇ, ದಿನವೂ ಒಂದೇ ಹೊತ್ತಿಗೆ ನಾಲಿಗೆಯಡಿ ಇಟ್ಟು ಬರೆದುಕೊಳ್ಳಬೇಕು. ಹಿಂದಿನ ಆರು ದಿನಗಳಿಗಿಂತ 0.2-0.3 ಡಿಗ್ರಿ ಸೆಲ್ಸಿಯಸ್ ಏರಿ ಮೂರು ದಿನ ಹಾಗೇ ನಿಂತರೆ ಬಿಡುಗಡೆಯಾಗಿದೆ ಎಂದು ತಿಳಿಯುತ್ತೇನೆ. ಏರಿದ ಆರೇಳು ದಿನಕ್ಕೆ ರಕ್ತ ಕೊಡುತ್ತೇನೆ, ಪ್ರೊಜೆಸ್ಟೆರಾನ್ ಮಿಲಿಲೀಟರಿಗೆ 3 ನ್ಯಾನೋಗ್ರಾಂಗಿಂತ ಮೇಲಿದ್ದರೆ ಖಚಿತ. ಜ್ವರವಿದ್ದ ದಿನ, ನಿದ್ದೆಗೆಟ್ಟ ರಾತ್ರಿಯ ಮರುದಿನ ಸಿಕ್ಕ ಅಂಕಿಯನ್ನು ಹೊಡೆದುಹಾಕಿ. ಈಗ ಮುಟ್ಟಿನ ದಿನವನ್ನು ಹೆಚ್ಚೆಂದರೆ ಒಂದೆರಡು ದಿನದ ವ್ಯತ್ಯಾಸದಲ್ಲಿ ಮೊದಲೇ ಹೇಳಿಬಿಡುತ್ತೇನೆ. ನಗುತ್ತಿದ್ದವರು ಚಾರ್ಟ್ ಕಳಿಸಿ ಎನ್ನುತ್ತಿದ್ದಾರೆ.

ಕೆಲಸ ಮಾಡಿದ್ದು ಭಾರದ ವ್ಯಾಯಾಮ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು: ಸ್ಕ್ವಾಟ್, ಎಳೆಯುವುದೊಂದು, ತಳ್ಳುವುದೊಂದು, ಸೊಂಟ ಬಾಗಿಸಿ ಎತ್ತುವುದೊಂದು. ಎಂಟು-ಹತ್ತರಂತೆ ಮೂರು ಸೆಟ್, ಕೊನೆಯ ಎರಡು ತಿಣುಕಬೇಕು. ಸಲೀಸಾದರೆ ಭಾರ ಸಾಲದು ಎಂದರ್ಥ. ಸ್ನಾಯುವೇ ಸಕ್ಕರೆಯ ದೊಡ್ಡ ಗಿರಾಕಿ, ಅದಕ್ಕೇ ತೂಕ ಇಳಿಯದಿದ್ದರೂ ಇನ್ಸುಲಿನ್ ತಗ್ಗುತ್ತದೆ. ಭಾರವನ್ನು ಯಾವ ವಾರ ಎಷ್ಟು ಏರಿಸಿದೆ, ಮುಟ್ಟಿನ ಮುಂಚಿನ ವಾರ ಏನು ಬದಲಿಸಿದೆ ಎನ್ನುವುದು ನನ್ನ ಪುಸ್ತಕದಲ್ಲೇ ಇರಲಿ.

ಪಕ್ಕದಲ್ಲೊಂದು ಪ್ರಯೋಗ ನಡೆದಿತ್ತು. ಗ್ಲೂಕೋಮೀಟರ್ ಇಟ್ಟುಕೊಂಡು ಅದದೇ ಊಟವನ್ನು ಎರಡು ಬಗೆಯಲ್ಲಿ ಉಂಡೆ. ತರಕಾರಿ, ಪ್ರೋಟೀನ್ ಮೊದಲು ಉಂಡು, ಪಿಷ್ಟ ಕೊನೆಗಿಟ್ಟು, ಎದ್ದು ಹದಿನೈದು ನಿಮಿಷ ನಡೆದರೆ ಒಂದು ತಾಸಿನ ನಂತರದ ಸಕ್ಕರೆಯ ಅಂಕಿ ಡೆಸಿಲೀಟರಿಗೆ 20-30 ಮಿಲಿಗ್ರಾಂನಷ್ಟು ಕಡಿಮೆ. ಪಿಸಿಓಎಸ್‌ಗೆಂದು ಮಾರುವ ಇನೋಸಿಟಾಲ್ ಪುಡಿಯನ್ನು ದಿನಕ್ಕೆ 4 ಗ್ರಾಂನಂತೆ ತೆಗೆದುಕೊಂಡೂ ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ, ಡಬ್ಬಿ ಮುಗಿದ ಮೇಲೆ ಮತ್ತೆ ತರಲಿಲ್ಲ.

ಇನ್ಸುಲಿನ್ ಪ್ರತಿರೋಧ ತಗ್ಗಿಸಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ ಎನ್ನುವವರಲ್ಲಿ ಅವಸರ ಮಾಡಿದವರೂ ಇದ್ದಾರೆ. ವೈದ್ಯರು ಬರೆದುಕೊಟ್ಟರೆ ನಿಧಾನವಾಗಿ ಬಿಡುಗಡೆಯಾಗುವ ಬಗೆ ಸಿಗುತ್ತದೆಯೇ ಕೇಳಿ. 500 ಮಿಲಿಗ್ರಾಂ ಊಟದ ಜೊತೆ ಶುರುಮಾಡಿ, ವಾರ ಎರಡು ವಾರಕ್ಕೊಮ್ಮೆ ಏರಿಸಿದರೆ ಹೆಚ್ಚಿನವರಿಗೆ ತಾಳಿಕೆಯಾಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ನೋಡಿಸಿ.

90 ದಿನ ದಾಟಿಯೂ ಮುಟ್ಟು ಬರದಿದ್ದರೆ ಚಾರ್ಟ್ ಹಿಡಿದು ಕೂರಬೇಡಿ. ಮೊದಲು ಗರ್ಭ ಪರೀಕ್ಷೆ, ಆಮೇಲೆ ವೈದ್ಯರ ಹತ್ತಿರ ಪ್ರೊಜೆಸ್ಟೆರಾನ್ ಕೋರ್ಸಿನ ಮಾತು. ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತ ಹೋಗುವುದು ಮುಂದೆ ಕ್ಯಾನ್ಸರ್‌ಗೂ ದಾರಿಯಾದೀತು. ಇನ್ನೊಂದು, ಅಂಡಾಣು ಬಿಡುಗಡೆ ಮರಳಿತೆಂದರೆ ಗರ್ಭವೂ ನಿಲ್ಲಬಹುದು. ಮಗು ಬೇಡದವರು ಮುಟ್ಟು ಸರಿಹೋಗುವವರೆಗೆ ಕಾಯದೆ ಆ ಏರ್ಪಾಟು ಮಾಡಿಕೊಳ್ಳಿ.

ಗಲ್ಲದ ಕೂದಲು ಮಾತ್ರ ಇದಾವುದಕ್ಕೂ ಜಗ್ಗಲಿಲ್ಲ. ಅದಕ್ಕೆ ಲೇಸರ್ ಬೇಕಾಯಿತು. ಔಷಧಿಯ ಪರಿಣಾಮ ಕಾಣಲೂ ಆರು ತಿಂಗಳಾದರೂ ಬೇಕು, ಬೆಳೆದು ದಪ್ಪಗಾದ ಕೂದಲು ತಾನಾಗಿ ಹಿಂದೆ ಸರಿಯುವುದಿಲ್ಲ.