ಕುದುರೆಮುಖದ ಬೆಟ್ಟಸಾಲು: ಜಲವರ್ಣದಲ್ಲಿ ಭಾವ ಮತ್ತು ಬಣ್ಣ

ಬೆಟ್ಟದ ಚಿತ್ರ ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲು ಹಸಿರು ಬಣ್ಣದ ಟ್ಯೂಬಿಗೆ ಕೈ ಹಾಕುತ್ತಾರೆ. ಕುದುರೆಮುಖದಂತಹ ಸಾಲನ್ನು ಬರೆಯುವಾಗ ಅದನ್ನು ಕೊನೆಯವರೆಗೂ ಮುಚ್ಚಿಟ್ಟಿರುವುದು ಲೇಸು. ಚಿತ್ರದ ಭಾವವನ್ನು ನಿರ್ಧರಿಸುವುದು ಬಣ್ಣದ ಹೆಸರಲ್ಲ, ಅದರ ತಿಳಿ ಮತ್ತು ಗಾಢತೆಯ ಅಂತರ. ಆದ್ದರಿಂದ ಮೊದಲು ಅಂಗೈಯಗಲದ ಕಾಗದದಲ್ಲಿ ಆಕಾಶ, ದೂರದ ಸಾಲು, ನಡುವಿನ ಸಾಲು, ಹತ್ತಿರದ ಇಳಿಜಾರು ಎಂದು ನಾಲ್ಕು ಛಾಯೆಗಳನ್ನು ಪೆನ್ಸಿಲಿನಿಂದ ತುಂಬಿ ನೋಡಬೇಕು. ಮಳೆಗಾಲದ ಮಂಕು ಬೇಕಾದರೆ ಈ ನಾಲ್ಕೂ ಛಾಯೆಗಳು ಒಂದಕ್ಕೊಂದು ಹತ್ತಿರವಿರಲಿ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುವ ಜನವರಿಯ ಮುಂಜಾನೆಯಾದರೆ ಅವುಗಳ ಅಂತರ ಹಿಗ್ಗಲಿ.

ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯು ಬಿಸಿಲಿನ ನೀಲಿ ಅಂಶವನ್ನು ಹೆಚ್ಚು ಚದುರಿಸುವುದರಿಂದ, ಆ ನೀಲಿ ಬೆಳಕು ದೂರದ ನೆರಳುಗಳ ಮೇಲೆ ತೆಳುವಾದ ಪರದೆಯಂತೆ ಕವಿದು ಅವುಗಳ ಕಪ್ಪನ್ನು ಅಳಿಸಿಬಿಡುತ್ತದೆ. ಅಲ್ಲಿ ಗಾಢ ನೆರಳು ಹಚ್ಚಿದರೆ, ಎಷ್ಟೇ ನೀಲಿ ಬೆರೆಸಿದ್ದರೂ ಬೆಟ್ಟ ಮುಂದಕ್ಕೆ ಬಂದು ನಿಲ್ಲುತ್ತದೆ. ಕಪ್ಪು ಬಣ್ಣದ ಅಗತ್ಯವೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬೆರೆಸಿದರೆ ಬೂದು ಹುಟ್ಟುತ್ತದೆ. ನೀಲಿ ಮುಂದಾದರೆ ಅದು ತಣ್ಣಗೆ, ಸಿಯೆನಾ ಮುಂದಾದರೆ ಬೆಚ್ಚಗೆ ಕಾಣುತ್ತದೆ. ಇಡೀ ಚಿತ್ರವನ್ನು ಈ ಒಂದೇ ಜೋಡಿಯ ಮೇಲೆ ಕಟ್ಟಿದರೆ ಭಾವ ಚದುರುವುದಿಲ್ಲವೆಂಬುದು ನನ್ನ ಅನುಭವ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ರಷ್ಯಾದ ಕಲಾವಿದ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ, ಕೆಲವೇ ಬಣ್ಣಗಳ ಬಲ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಮಂಜಿಗೆ 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಬೇಕು. ತೆಳುವಾದದ್ದು ನೀರಿಗೆ ಸುಕ್ಕುಗಟ್ಟುತ್ತದೆ. ಕಾಗದವನ್ನು ನೆನೆಸಿ, ಮೇಲ್ಮೈಯಲ್ಲಿ ನೀರು ನಿಂತಿರದೆ ಹೊಳಪು ಮಾತ್ರ ಉಳಿದಿರುವಾಗ ಬೆಟ್ಟದ ನೆತ್ತಿಯಿಂದ ಬಣ್ಣವನ್ನು ಕೆಳಗಿಳಿಸಿ, ಕಣಿವೆಯ ಬಳಿ ಬರಿಯ ನೀರಿನ ಕುಂಚದಿಂದ ಕರಗಿಸಬೇಕು. ಒಂದು ಸಾಲು ಪೂರ್ತಿ ಒಣಗಿದ ಮೇಲೆಯೇ ಮುಂದಿನದನ್ನು ಆರಂಭಿಸಿ, ಮತ್ತು ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ, ಕಣ್ಣಿಗೆ ಸರಿಯೆನಿಸಿದ್ದಕ್ಕಿಂತ ತುಸು ಗಾಢವಾಗಿಯೇ ಹಚ್ಚಿ. ಮಳೆಗಾಲದಲ್ಲಿ ಇದಕ್ಕೆ ತಾಳ್ಮೆ ಬೇಕು, ಇಲ್ಲವೇ ಕೂದಲು ಒಣಗಿಸುವ ಡ್ರೈಯರ್ ಬೇಕು.

ಹಸಿರಿನ ಸರದಿ ಬರುವುದು ಹತ್ತಿರದ ಹುಲ್ಲುಗಾವಲಿಗೆ ಮಾತ್ರ. ಅದಕ್ಕೂ ಚಿಟಿಕೆ ಸಿಯೆನಾ ಬೆರೆಸದಿದ್ದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಕಣಿವೆಯ ಮಡಿಲಲ್ಲಿ ಅಡಗಿರುವ ಶೋಲಾ ಕಾಡನ್ನು ಎಲೆ ಎಲೆಯಾಗಿ ಬಿಡಿಸದೆ, ಅಂಚು ಮೆತ್ತಗಿರುವ ಒಂದೇ ಗಾಢ ಮಚ್ಚೆಯಾಗಿ ಇಟ್ಟು ಕುಂಚ ತೊಳೆಯಿರಿ.